ಎರಡು ಆರೋಗ್ಯ ವಿಮೆ ಇದ್ದರೆ ಹಣ ಯಾರು ಕೊಡುತ್ತಾರೆ?

ಪ್ರಶ್ನೆ: ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಗಿರಣಿಯವರು ಮಾಡಿಸಿದ 3 ಲಕ್ಷ ರೂಪಾಯಿಯ ಗುಂಪು ವಿಮೆಯ ಜೊತೆಗೆ ನನ್ನದೇ 5 ಲಕ್ಷದ ಪಾಲಿಸಿಯೂ ಇದೆ. ರಾಯಚೂರಿನಲ್ಲಿ ಆದ ಶಸ್ತ್ರಚಿಕಿತ್ಸೆಗೆ 4,20,000 ರೂಪಾಯಿ ಬಿಲ್ಲಾಗಿದೆ. ಎರಡೂ ಕಡೆ ಪೂರ್ತಿ ಹಣ ಕೇಳಬಹುದೇ?

ಉತ್ತರ: ಕೇಳಲಾಗದು. ಆಸ್ಪತ್ರೆಯ ಖರ್ಚು ಭರಿಸುವ ಪಾಲಿಸಿಗಳು ಎಷ್ಟೇ ಇದ್ದರೂ, ಎಲ್ಲ ಸೇರಿ ಸಿಗುವ ಹಣ ನಿಜವಾದ ಖರ್ಚನ್ನು ಮೀರುವಂತಿಲ್ಲ. ಆದರೆ ಯಾವುದನ್ನು ಮೊದಲು ಬಳಸಬೇಕೆಂಬ ಆಯ್ಕೆ ನಿಮ್ಮದೇ. ನಿಮ್ಮ ಸ್ವಂತ ಪಾಲಿಸಿಯೊಂದರಲ್ಲೇ ಇಡೀ ಬಿಲ್ಲು ತೀರುವಷ್ಟು ಮೊತ್ತವಿದ್ದರೂ, ವರ್ಷದ ಉಳಿದ ದಿನಗಳಿಗೆ ಅದು ಕೈಯಲ್ಲಿರಲೆಂದು ಗುಂಪು ವಿಮೆಯನ್ನೇ ಮೊದಲು ಬಳಸುವುದು ಲೇಸೆಂದು ನನ್ನ ಅಭಿಪ್ರಾಯ. ಗಿರಣಿಯ ಕೆಲಸ ಬಿಟ್ಟರೆ ಆ ಗುಂಪು ವಿಮೆ ಹೇಗೂ ನಿಮ್ಮ ಜೊತೆ ಬರುವುದಿಲ್ಲ. ಅಲ್ಲಿಂದ 3 ಲಕ್ಷ ಮಂಜೂರಾದರೆ, ಉಳಿದ 1,20,000 ರೂಪಾಯಿಗೆ ಎರಡನೆಯ ಕಂಪನಿಯನ್ನು ಕೇಳಿ.

ತೊಡಕು ಬರುವುದು ಕಾಗದಪತ್ರಗಳಲ್ಲಿ. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗುವುದರಿಂದ ಔಷಧದ ಚೀಟಿಯಿಂದ ಡಿಸ್ಚಾರ್ಜ್ ಸಮ್ಮರಿಯವರೆಗೆ ಎಲ್ಲದರ ಜೆರಾಕ್ಸ್ ತೆಗೆದಿಟ್ಟುಕೊಂಡು, ಅವುಗಳ ದೃಢೀಕೃತ ಪ್ರತಿಗಳನ್ನೂ ಎಷ್ಟು ಕೊಟ್ಟೆವೆಂದು ತಿಳಿಸುವ ಇತ್ಯರ್ಥ ಪತ್ರವನ್ನೂ ಅವರಿಂದ ಪಡೆದು ಎರಡನೆಯವರಿಗೆ ಸಲ್ಲಿಸಬೇಕು. ಆಸ್ಪತ್ರೆಗೆ ಸೇರಿದ ವಿಷಯವನ್ನು ಎರಡನೆಯ ಕಂಪನಿಗೆ ಈಗಲೇ ತಿಳಿಸಿಬಿಡಿ. ದಿನಕ್ಕೆ ಇಷ್ಟೆಂದು ನಿಗದಿತ ಹಣ ಕೊಡುವ ಪಾಲಿಸಿ ಬೇರೆ ಇದ್ದರೆ, ಅದಕ್ಕೆ ನಿಜವಾದ ಖರ್ಚನ್ನು ಮೀರಬಾರದೆಂಬ ಮಿತಿ ಅನ್ವಯಿಸುವುದಿಲ್ಲ.