ಸ್ಟೀವಿ ಪ್ರೇತವಲ್ಲ

ನಮಸ್ಕಾರ,

ಬ್ರಿಟಿಷ್ ಪತ್ತೇದಾರಿ ಧಾರಾವಾಹಿ ‘ರಿವರ್’ ಬಗ್ಗೆ ನೀವು ಕಳಿಸಿದ ‘ಒಂದು ಶೋಕ, ನೂರು ಪ್ರತಿಕ್ರಿಯೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ‘ವಿಷಾದಗಳೊಂದಿಗೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ನಿಮ್ಮಜ್ಜಿ ಬಿಡಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಕರಾರು. ನೀವು ನೋಡುಗರನ್ನು ಎರಡು ಪಂಗಡ ಮಾಡಿದ್ದೀರಿ. ಹತ್ತಿರದವರನ್ನು ಕಳೆದುಕೊಂಡವರಿಗೆ ಇದು ಹಿಡಿಸಿತು, ಸಾವು ಕಾಣದವರಿಗೆ ‘ಬೋರು’ ಹೊಡೆಸಿತು ಎನ್ನುತ್ತೀರಿ. ‘ನೋವುಂಡವರಿಗಷ್ಟೇ ಈ ಧಾರಾವಾಹಿ ತೆರೆದುಕೊಳ್ಳುತ್ತದೆ’ ಎಂಬ ನಿಮ್ಮ ಸಾಲು ಕೇಳಲು ಚೆನ್ನಾಗಿದೆ, ನಿಜವಲ್ಲ. ದುಃಖ ಪಟ್ಟವರಿಗೆಲ್ಲ ಒಂದೇ ರುಚಿ ಬರುವುದಿಲ್ಲ.

ನನ್ನದನ್ನೇ ಹೇಳುತ್ತೇನೆ. ನಾನಿದನ್ನು ನೋಡಲು ಕೂತಾಗ ಅಣ್ಣ ತೀರಿಕೊಂಡು ಎಂಟು ತಿಂಗಳಾಗಿತ್ತು. ನಿಮ್ಮ ಲೆಕ್ಕದಲ್ಲಿ ನಾನು ಕಣ್ಣೊರೆಸಿಕೊಳ್ಳುತ್ತ ಆರೂ ಕಂತು ನೋಡಬೇಕಿತ್ತು. ಎರಡನೆಯದರ ನಡುವೆಯೇ ನಿಲ್ಲಿಸಿಬಿಟ್ಟೆ. ಕಾರಣ ನಿಧಾನಗತಿಯಲ್ಲ, ಹೊಟ್ಟೆಕಿಚ್ಚು. ಕಥೆಯ ಆ ಪೊಲೀಸ್ ಮನುಷ್ಯನಿಗೆ ಸತ್ತ ಗೆಳತಿ ಕಾರಿನಲ್ಲಿ ಪಕ್ಕಕ್ಕೇ ಬಂದು ಕೂರುತ್ತಾಳೆ, ರೇಗಿಸುತ್ತಾಳೆ, ಹಾಡುತ್ತಾಳೆ. ನಮ್ಮಣ್ಣ ಕನಸಿಗೂ ಬಂದಿರಲಿಲ್ಲ. ಅದೇ ವಾರ ನಮ್ಮ ಕಚೇರಿಯ ಒಬ್ಬ ಹುಡುಗ ಒಂದೇ ರಾತ್ರಿಗೆ ಆರನ್ನೂ ಮುಗಿಸಿ ಕಣ್ಣು ಕೆಂಪು ಮಾಡಿಕೊಂಡು ಬಂದ. ಅವನ ಮನೆಯಲ್ಲಿ ಅಜ್ಜ ಅಜ್ಜಿ ಸಮೇತ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ನಮ್ಮಿಬ್ಬರನ್ನೂ ನಿಮ್ಮ ಯಾವ ಪಂಗಡಕ್ಕೆ ಸೇರಿಸುತ್ತೀರಿ?

ನೋಡುಗರ ಅನುಭವದ ಬೆನ್ನು ಹತ್ತಿದ್ದರಿಂದ ತೆರೆಯ ಮೇಲೆ ಇರುವುದನ್ನು ನೀವು ನೋಡಿಲ್ಲ. ಮೊದಲ ಕಂತಿನ ಆರಂಭವನ್ನೇ ತೆಗೆದುಕೊಳ್ಳಿ. ಲಂಡನ್ನಿನ ರಾತ್ರಿ. ಇಬ್ಬರು ಪೊಲೀಸರು ಕಾರಿನಲ್ಲಿ ಕೂತಿದ್ದಾರೆ. ಸ್ಟೆಲನ್ ಸ್ಕಾರ್ಸ್‌ಗೋರ್ಡ್ ಆಡಿದ ಜಾನ್ ರಿವರ್ ಮಾತು ಕಡಿಮೆಯ ಮುದುಡಿದ ಮನುಷ್ಯ. ನಿಕೋಲಾ ವಾಕರ್ ಆಡಿದ ಸ್ಟೀವಿ ಬಾಯಿ ಮುಚ್ಚದ ತರಲೆ. ಅವಳು ನಮ್ಮನ್ನು ನಗಿಸುತ್ತಾಳೆ. ಅನುಮಾನದ ಮೇಲೆ ರಿವರ್ ಒಬ್ಬ ಹುಡುಗನನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಆ ಹುಡುಗ ಮೇಲಿಂದ ಬಿದ್ದು ಸಾಯುತ್ತಾನೆ. ಇಷ್ಟೆಲ್ಲ ಆದ ಮೇಲೆ ಸ್ಟೀವಿಯ ತಲೆಯ ಹಿಂಭಾಗ ಕಾಣುತ್ತದೆ: ಗುಂಡಿನ ಗಾಯ. ಅವಳು ಆಗಲೇ ಸತ್ತಿದ್ದಾಳೆ.

ಇದನ್ನು ನೀವು ‘ಆಘಾತಕಾರಿ ತಿರುವು’ ಎಂದು ಎರಡು ಪದದಲ್ಲಿ ದಾಟಿದ್ದೀರಿ. ಅಲ್ಲೇ ಕೂರಬೇಕಿತ್ತು. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಹೆಣ ಮೊದಲು ಸಿಗುತ್ತದೆ, ಆ ವ್ಯಕ್ತಿಯ ಪರಿಚಯ ಆಮೇಲೆ. ಹಾಗಾಗಿ ಸತ್ತವರ ಮೇಲೆ ನಮಗೆ ಕುತೂಹಲವಿರುತ್ತದೆಯೇ ಹೊರತು ಸಲಿಗೆ ಇರುವುದಿಲ್ಲ. ಇದನ್ನು ಬರೆದ ಆಬಿ ಮಾರ್ಗನ್ ಸ್ಟೀವಿಯ ಜೊತೆ ನಮಗೆ ಮೊದಲು ಸಲಿಗೆ ಬೆಳೆಸಿ, ಆಮೇಲೆ ಅವಳನ್ನು ಕಿತ್ತುಕೊಂಡರು. ನೋಡುಗರು ಬೇರೆಯಾಗುವುದು ಈ ಜಾಗದಲ್ಲಿ ಎಂದು ನನ್ನ ಎಣಿಕೆ. ಒಬ್ಬರಿಗೆ ಇದು ಮೋಸ, ಇನ್ನೊಬ್ಬರಿಗೆ ಫೋನ್ ಬಂದು ಸುದ್ದಿ ಕೇಳಿದಂತೆ. ಇಬ್ಬರದೂ ಸರಿಯೇ. ‘ಪತ್ತೇದಾರಿ’ ಎಂದು ಹೇಳಿ ಕೂರಿಸಿದ ಮೇಲೆ ಕೊಂದವರು ಯಾರೆಂಬ ಉತ್ತರವನ್ನು ಕೇಳುವ ಹಕ್ಕು ನೋಡುಗನಿಗಿದೆ. ಉತ್ತರ ಸಿಕ್ಕರೂ ರಿವರ್‌ನ ಹೊಟ್ಟೆಯೊಳಗಿನ ಸಂಕಟಕ್ಕೆ ಅದರಿಂದ ಏನೂ ಆಗುವುದಿಲ್ಲ, ಆ ಮಾತು ಬೇರೆ.

ಇನ್ನು ಪದದ ಜಗಳ. ಲೇಖನದುದ್ದಕ್ಕೂ ಸ್ಟೀವಿಯನ್ನು ‘ಪ್ರೇತ’ ಎಂದು ಕರೆದಿದ್ದೀರಿ. ನಮ್ಮಲ್ಲಿ ಆ ಪದಕ್ಕೆ ಹನ್ನೆರಡನೇ ದಿನದ ಲೆಕ್ಕವಿದೆ, ಕರ್ಮ ಮುಗಿಯದ, ಅತ್ತಲೂ ಇತ್ತಲೂ ಇಲ್ಲದ ಅಲೆದಾಟವಿದೆ. ಪ್ರೇತವಾದರೆ ಅದು ತಾನಾಗಿ ಬರಬೇಕು, ಏನನ್ನೋ ಕೇಳಬೇಕು. ತನಗೆ ಕಾಣುವ ಸತ್ತವರನ್ನು ರಿವರ್ ‘ಮ್ಯಾನಿಫೆಸ್ಟ್’ ಎನ್ನುತ್ತಾನೆ. ಅವನ ತಲೆಯಿಂದ ಹೊರಬಂದು ಎದುರಿಗೆ ನಿಂತವರು ಇವರು. ನಂಬಿಕೆ ಬಾರದಿದ್ದರೆ ಅವನಿಗೆ ಕಾಣುವ ಇನ್ನೊಬ್ಬ, ಥಾಮಸ್ ಕ್ರೀಮ್‌ನನ್ನು ನೋಡಿ. ಅವನನ್ನು ನೀವು ‘ಕಾಲ್ಪನಿಕ ಖಳ’ ಎಂದಿದ್ದೀರಿ, ತಪ್ಪು. ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ ಹೆಂಗಸರಿಗೆ ಸ್ಟ್ರಿಕ್ನಿನ್ ವಿಷ ಕೊಟ್ಟು ಕೊಂದ ನಿಜವಾದ ವೈದ್ಯ ಅವನು, 1892ರಲ್ಲಿ ನೇಣಿಗೇರಿದ. ರಿವರ್‌ಗೂ ಅವನಿಗೂ ಏನು ನಂಟು? ಶೋಕ ಪಡಲು ಅವನೇನು ಬಂಧುವೇ? ಆದರೂ ನಟ ಎಡ್ಡಿ ಮಾರ್ಸನ್ ರೂಪದಲ್ಲಿ ಬಂದು ರಿವರ್‌ನನ್ನು ಕುಟುಕುತ್ತಲೇ ಇರುತ್ತಾನೆ. ಸ್ಟೀವಿ ರಿವರ್‌ನ ಪ್ರೀತಿಯಾದರೆ, ಕ್ರೀಮ್ ರಿವರ್‌ಗೆ ತನ್ನ ಬಗ್ಗೆಯೇ ಇರುವ ಭಯ.

ಈಗ ಅಜ್ಜಿ. ನಾಲ್ಕನೇ ಪುಟದಲ್ಲಿ, ಆವರಣದೊಳಗೆ, ಕ್ಷಮೆ ಕೇಳುವವರ ಹಾಗೆ ಬರೆದಿದ್ದೀರಿ: ಜೊತೆಗೆ ಕೂತು ನೋಡುತ್ತಿದ್ದ ಅಜ್ಜಿ ‘ಸತ್ತೋಳು ಇಷ್ಟೆಲ್ಲಾ ಮಾತಾಡ್ತಾಳಲ್ಲ, ಕೊಂದೋರ ಹೆಸ್ರು ಹೇಳೋಕೇನಂತೆ ಅವ್ಳಿಗೆ?’ ಎಂದರು, ಮನೆಮಂದಿ ನಕ್ಕರು, ‘ಹಳೆಯ ತಲೆಮಾರಿನ ಮುಗ್ಧತೆ’. ಮುಗ್ಧತೆಯೇ? ನೀವು ಒಟ್ಟುಮಾಡಿದ ಅಷ್ಟೂ ಪ್ರತಿಕ್ರಿಯೆಗಳಲ್ಲಿ ಧಾರಾವಾಹಿಯ ಕೀಲಿಗೆ ಕೈಹಾಕಿದ್ದು ಅವರೊಬ್ಬರೇ. ಹೇಳಲಾರಳು, ಯಾಕೆಂದರೆ ರಿವರ್‌ಗೆ ಅದು ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ್ದು ಅವಳ ಬಾಯಿಂದ ಬರುವಂತಿಲ್ಲ. ಸತ್ತವರ ಜೊತೆ ಎಷ್ಟು ಹೊತ್ತು ಮಾತಾಡಿದರೂ ನಮಗೆ ಕೇಳುವುದು ನಮ್ಮದೇ ಉತ್ತರ. ಅಜ್ಜಿಯ ಆ ಪ್ರಶ್ನೆ ಓದಿದ ಮೇಲೆ ನಾನು ಬಿಟ್ಟ ನಾಲ್ಕು ಚಿಲ್ಲರೆ ಕಂತನ್ನು ಈ ವಾರ ನೋಡಿ ಮುಗಿಸಿದೆ. ಹೊಟ್ಟೆಕಿಚ್ಚು ಸ್ವಲ್ಪ ಇಳಿದಿದೆ.

ಚಿಲ್ಲರೆ ವಿಷಯಗಳು. ಸಾವಿನ ನೋವನ್ನು ನಡುವಿಗಿಟ್ಟ ‘ಮೊಟ್ಟಮೊದಲ’ ಬ್ರಿಟಿಷ್ ಪತ್ತೇದಾರಿ ಧಾರಾವಾಹಿ ಎಂಬ ಮಾತು ತೆಗೆಯಿರಿ. ಬಿಬಿಸಿಯಲ್ಲಿ ಇದು ಬಂದದ್ದು 2015ರಲ್ಲಿ. ಐಟಿವಿಯ ‘ಬ್ರಾಡ್‌ಚರ್ಚ್’ 2013ರಲ್ಲೇ ಬಂದಿತ್ತು, ಅಲ್ಲಿ ಹನ್ನೊಂದು ವರ್ಷದ ಮಗನನ್ನು ಕಳೆದುಕೊಂಡ ತಾಯಿ, ಜೊತೆಗೆ ಇಡೀ ಊರು, ನಮ್ಮ ಕಣ್ಣೆದುರೇ ಒಡೆದುಹೋಗುತ್ತದೆ. ‘ಇದು ಕೇವಲ ಧಾರಾವಾಹಿಯಲ್ಲ, ಒಂದು ಅನುಭವ’ ಎಂಬಂಥ ವಾಕ್ಯ ಐದು ಕಡೆ ಇವೆ, ಐದನ್ನೂ ಹೊಡೆದುಹಾಕಿ. ‘ಶೋಕ’ ನಲವತ್ತು ಸಲ ಬಂದಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಆ ಪದ ಬಳಸುತ್ತಾರಾ? ಸಂಕಟ, ಅಳಲು, ಕೊರಗು ಇಷ್ಟೊಂದು ಇರುವಾಗ ಅದೊಂದನ್ನೇ ಯಾಕೆ ದುಡಿಸುತ್ತೀರಿ?

ಸಾವಿರ ಪದ ಸಾಕು. ಆವರಣ ಬಿಚ್ಚಿ, ಅಜ್ಜಿಯನ್ನು ಮೊದಲ ಪುಟಕ್ಕೆ ತನ್ನಿ. ತಿಂಗಳೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಅದಕ್ಕೂ ಮುಂಚೆ ಅವರನ್ನು ಒಂದು ಮಾತು ಕೇಳಿ: ಮನೆಮಂದಿ ನಕ್ಕ ಮೇಲೆ ಅವರು ಅಲ್ಲೇ ಕೂತು ನೋಡಿದರಾ, ಎದ್ದು ಹೋದರಾ? ನೀವು ಅದನ್ನು ಬರೆದಿಲ್ಲ.

ಇತಿ,
ಸಂಪಾದಕ