ಹಳ್ಳಿಯಿಂದ ಹಳ್ಳಿಗೆ ನಡಿಗೆ: ಇಂಗ್ಲೆಂಡಿನ ಕಾಲುದಾರಿಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಬದಿಯಡ್ಕದ ಬಳಿಯ ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದು ಈಗ ನಿವೃತ್ತನಾಗಿದ್ದೇನೆ. ನನಗೆ 62, ಪತ್ನಿಗೆ 58 ವರ್ಷ. ದಿನಾಲೂ ಐದಾರು ಕಿಲೋಮೀಟರು ನಡೆಯುವ ರೂಢಿ ಇಬ್ಬರಿಗೂ ಇದೆ. ಬಸ್ಸಿನಲ್ಲಿ ಕೂರಿಸಿ ನಗರಗಳನ್ನು ತೋರಿಸುವ ಪ್ರವಾಸ ನಮಗೆ ಬೇಡ. ಮುಂದಿನ ಮೇ ತಿಂಗಳಲ್ಲಿ ಇಂಗ್ಲೆಂಡಿನ ‘ಕೋಟ್ಸ್‌ವೋಲ್ಡ್ ವೇ’ ಎಂಬ 164 ಕಿ.ಮೀ. ಕಾಲುದಾರಿಯನ್ನು ಮಾರ್ಗದರ್ಶಿಯಿಲ್ಲದೆ ಏಳು ದಿನಗಳಲ್ಲಿ ನಡೆದು ಮುಗಿಸುವ ಆಸೆಯಿದೆ. ಇದು ಸಾಧ್ಯವೇ? ದಾರಿ ತಪ್ಪುವ ಭಯವುಂಟೇ? ಸಸ್ಯಾಹಾರ ಸಿಗುತ್ತದೆಯೇ? ಸಿದ್ಧತೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಆಯ್ಕೆ ಬಹಳ ಒಳ್ಳೆಯದು, ಆದರೆ ಏಳು ದಿನಗಳ ಲೆಕ್ಕವನ್ನು ದಯವಿಟ್ಟು ಕೈಬಿಡಿ. 164 ಕಿಲೋಮೀಟರನ್ನು ಏಳರಿಂದ ಭಾಗಿಸಿದರೆ ದಿನಕ್ಕೆ 23 ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ. ಈ ದಾರಿಯ ಅತಿ ಎತ್ತರದ ಜಾಗವಾದ ಕ್ಲೀವ್ ಹಿಲ್ ಸಮುದ್ರಮಟ್ಟದಿಂದ 330 ಮೀಟರ್ ಮಾತ್ರ ಎಂಬುದನ್ನು ಓದಿ ಇದನ್ನು ಸಮತಟ್ಟಾದ ದಾರಿಯೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ದಾರಿಯು ಉದ್ದನೆಯ ಒಂದು ದಿಬ್ಬದ ಅಂಚನ್ನು ಹಿಡಿದು ಸಾಗುತ್ತದೆ. ಊರುಗಳಿರುವುದು ಹೆಚ್ಚಾಗಿ ದಿಬ್ಬದ ಬುಡದಲ್ಲಿ. ಹೀಗಾಗಿ ಪ್ರತಿ ಊರಿಗೂ ಇಳಿದು, ಮರುದಿನ ಬೆಳಗ್ಗೆ ಮತ್ತೆ ಹತ್ತಬೇಕು. ಒಂದು ದಿನ ಇದನ್ನು ಮಾಡಲು ಯಾರಿಗೂ ಕಷ್ಟವಿಲ್ಲ. ನಾಲ್ಕನೆಯ ದಿನ ಮೊಣಕಾಲು ತನ್ನ ಮಾತನ್ನು ಹೇಳಲು ತೊಡಗುತ್ತದೆ.

ಆದ್ದರಿಂದ ನನ್ನ ಸಲಹೆಯೆಂದರೆ, ಉತ್ತರದ ತುದಿಯಾದ ಚಿಪಿಂಗ್ ಕ್ಯಾಂಪ್ಡನ್‌ನಿಂದ ಹೊರಟು ಪೇನ್ಸ್‌ವಿಕ್ ಎಂಬ ಊರಿನವರೆಗಿನ ಸುಮಾರು 75 ಕಿಲೋಮೀಟರನ್ನು ಆರು ದಿನಗಳಲ್ಲಿ ನಡೆಯಿರಿ. ಅಲ್ಲಿಂದ ಬಾತ್ ನಗರದವರೆಗಿನ ಉಳಿದ ಅರ್ಧ ಇನ್ನೊಂದು ವರ್ಷಕ್ಕಿರಲಿ. ಪೂರ್ತಿ ದಾರಿಯನ್ನೇ ನಡೆಯಬೇಕೆಂಬ ಹಟವಿದ್ದರೆ ಹನ್ನೊಂದು ಹನ್ನೆರಡು ದಿನ ಇಟ್ಟುಕೊಳ್ಳಿ.

ಸಿದ್ಧತೆ ಎಲ್ಲಿಂದ ಆರಂಭವಾಗಬೇಕೆಂದು ಕೇಳಿದ್ದೀರಿ. ರಾತ್ರಿಯ ಹಾಸಿಗೆಯಿಂದ. ಮೊದಲ ಬಾರಿ ಇಂಥ ನಡಿಗೆಗೆ ಹೋದಾಗ ನಾನು ನಕ್ಷೆಯಲ್ಲಿ ದೂರವನ್ನು ಅಳೆದು, ದಿನಕ್ಕೆ ಇಷ್ಟೆಂದು ಗೆರೆ ಎಳೆದು, ಆಮೇಲೆ ತಂಗುವ ಮನೆಗಳನ್ನು ಹುಡುಕಿದ್ದೆ. ಗೆರೆ ಎಳೆದಲ್ಲಿ ಊರೇ ಇರಲಿಲ್ಲ. ಇದ್ದ ಊರಿನ ಎರಡೇ ಕೋಣೆಗಳು ತಿಂಗಳುಗಳ ಮೊದಲೇ ಹೋಗಿದ್ದವು. ಕೊನೆಗೆ ಮೂರನೆಯ ದಿನ ಹೆಚ್ಚುವರಿಯಾಗಿ ಏಳು ಕಿಲೋಮೀಟರು ನಡೆದು, ಅಡುಗೆಮನೆ ಮುಚ್ಚಿದ ಮೇಲೆ ವಸತಿಗೆ ತಲುಪಿ, ಇಬ್ಬರೂ ಹಸಿದು ಮಲಗಿದೆವು. ಹಳ್ಳಿಗಾಡಿನಲ್ಲಿ ಕೋಣೆಗಳು ವಿರಳ. ವಾರಾಂತ್ಯದಲ್ಲಿ ಎರಡು ರಾತ್ರಿ ತಂಗಲೇಬೇಕೆಂದು ನಿಯಮ ಮಾಡುವ ಮನೆಗಳೂ ಇವೆ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ಕೊನೆಯ ಸೋಮವಾರದಂದು ದಾರಿಯಲ್ಲೇ ಸಿಗುವ ಕೂಪರ್ಸ್ ಹಿಲ್ ಎಂಬ ಇಳಿಜಾರಿನಲ್ಲಿ ಚೀಸಿನ ಗಾಲಿಯನ್ನು ಉರುಳಿಸಿ ಅದರ ಹಿಂದೆ ಓಡುವ ಸ್ಪರ್ಧೆ ನಡೆಯುವುದರಿಂದ ಆಸುಪಾಸಿನಲ್ಲಿ ಜನಸಂದಣಿಯಿರುತ್ತದೆ. ಈ ಎರಡು ವಾರಾಂತ್ಯಗಳ ನಡುವಿನ ದಿನಗಳನ್ನು ಆರಿಸಿಕೊಂಡರೆ ಕಾಡಿನಲ್ಲಿ ಬ್ಲೂಬೆಲ್ ಹೂವೂ ಇರಬಹುದು, ರಾತ್ರಿ ಎಂಟೂವರೆಯವರೆಗೆ ಬೆಳಕೂ ಇರುತ್ತದೆ.

ರಾತ್ರಿಗಳನ್ನು ಹೀಗೆ ಹಂಚಬಹುದು. ಬಂದ ದಿನ ಚಿಪಿಂಗ್ ಕ್ಯಾಂಪ್ಡನ್‌ನಲ್ಲಿ ವಿಶ್ರಾಂತಿ. ಮೊದಲ ದಿನ ಬ್ರಾಡ್‌ವೇವರೆಗೆ ಹತ್ತು ಕಿಲೋಮೀಟರು. ಎರಡನೆಯ ದಿನ ವಿಂಚ್‌ಕೂಂಬ್‌ವರೆಗೆ 19 ಕಿಲೋಮೀಟರು. ಇಡೀ ನಡಿಗೆಯಲ್ಲಿ ದೀರ್ಘವಾದ ದಿನ ಇದೇ, ಸ್ಟ್ಯಾಂಟನ್ ಹಳ್ಳಿಯನ್ನು ದಾಟಿ, 1246ರಲ್ಲಿ ಸ್ಥಾಪನೆಯಾದ ಹೇಲ್ಸ್ ಮಠದ ಅವಶೇಷಗಳ ಪಕ್ಕದಲ್ಲೇ ಹಾದುಹೋಗುತ್ತೀರಿ. ಮೂರನೆಯ ದಿನ ಕ್ಲೀವ್ ಹಿಲ್, ನಾಲ್ಕನೆಯ ದಿನ ಚೆಲ್ಟನ್‌ಹ್ಯಾಮ್ ನಗರದ ಅಂಚು: ಎರಡೂ ಹತ್ತರ ಆಸುಪಾಸು. ಕೊನೆಯ ಎರಡು ದಿನ ಬರ್ಡ್‌ಲಿಪ್ ಮತ್ತು ಪೇನ್ಸ್‌ವಿಕ್, ತಲಾ ಹದಿನಾಲ್ಕು ಹದಿನೈದು. ದೊಡ್ಡ ಚೀಲಗಳನ್ನು ಒಂದು ವಸತಿಯಿಂದ ಮುಂದಿನ ವಸತಿಗೆ ವಾಹನದಲ್ಲಿ ಸಾಗಿಸಿಕೊಡುವವರು ಅಲ್ಲಿದ್ದಾರೆ. ಆ ಖರ್ಚಿಗೆ ಹಿಂಜರಿಯಬೇಡಿ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹದಿನೈದು ಕಿಲೋಮೀಟರು ದೂರ, 450 ಮೀಟರ್ ಏರು ಎಂದಾದರೆ ಮೂರೂಮುಕ್ಕಾಲು ಗಂಟೆ. ಆದರೆ ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ನಮ್ಮ ವಯಸ್ಸಿನವರು ಇದಕ್ಕೆ ಅರ್ಧದಷ್ಟನ್ನು ಸೇರಿಸಿ ಐದೂವರೆ ಗಂಟೆ ಎಂದಿಟ್ಟುಕೊಳ್ಳುವುದು ಕ್ಷೇಮ.

ದಾರಿ ತಪ್ಪುವ ಭಯ ಹೆಚ್ಚಿಲ್ಲ. 2007ರಲ್ಲಿ ಇದು ರಾಷ್ಟ್ರೀಯ ದಾರಿಯಾಗಿ ಘೋಷಿತವಾದ್ದರಿಂದ ತಿರುವುಗಳಲ್ಲಿ ಓಕ್ ಮರದ ಕಾಯಿಯ ಗುರುತಿರುವ ಕಂಬಗಳಿವೆ. ಹಳದಿ ಬಾಣ ನಡೆಯುವವರ ದಾರಿಗೆ, ನೀಲಿ ಬಾಣ ಕುದುರೆ ಮತ್ತು ಸೈಕಲ್ ಸವಾರರೂ ಬಳಸುವ ದಾರಿಗೆ. ಆದರೂ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ 1:25,000 ಪ್ರಮಾಣದ ಕಾಗದದ ನಕ್ಷೆ ಕೈಯಲ್ಲಿರಲಿ. ಅದರಲ್ಲಿ ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಪ್ರತಿಯೊಂದು ಬೇಲಿಯೂ ಕಾಣುತ್ತದೆ. ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಏಕೆಂದರೆ ಕಣಿವೆಗಳಲ್ಲಿ ಸಿಗ್ನಲ್ ಸಿಗದಿರಬಹುದು.

ಖಾಸಗಿ ಹೊಲದ ನಡುವೆ ದಾರಿ ಹಾದುಹೋಗುವುದನ್ನು ಕಂಡು ನೀವು ಅಂಜಬೇಕಾಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,25,000 ಕಿಲೋಮೀಟರು ಉದ್ದದ ಇಂಥ ದಾರಿಗಳ ಮೇಲೆ ಸಾರ್ವಜನಿಕರಿಗೆ ನಡೆಯುವ ಹಕ್ಕಿದೆ; ಅವನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು 1949ರ ಕಾಯ್ದೆ ವಿಧಿಸಿತು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ತಡಮೆ ದಾಟಿ, ಅಡಿಕೆ ಮರದ ಸಂಕದ ಮೇಲೆ ತೋಡು ದಾಟಿ ಶಾಲೆಗೆ ಹೋದ ನಮ್ಮ ತಲೆಮಾರಿನವರಿಗೆ ಇದು ಬೇಗನೆ ಅರ್ಥವಾಗುತ್ತದೆ. ಅಲ್ಲಿಯ ಬೇಲಿಗಳಲ್ಲಿಯೂ ಮೆಟ್ಟಿಲಿರುವ ಮರದ ತಡಮೆಗಳುಂಟು. ನಮ್ಮಲ್ಲಿ ನೆರೆಹೊರೆಯ ವಿಶ್ವಾಸದಿಂದ ಉಳಿದಿದ್ದ ದಾರಿಗಳು ಒಂದೊಂದಾಗಿ ಮುಚ್ಚಿಹೋಗುತ್ತಿರುವಾಗ, ಅಲ್ಲಿ ಕಾನೂನಿನ ಬಲದಿಂದ ತೆರೆದೇ ಇರುವ ದಾರಿಯಲ್ಲಿ ನಡೆಯುವುದು ನನಗೆ ಪ್ರತಿ ಬಾರಿಯೂ ಮನಸ್ಸು ತುಂಬಿ ಬರುವ ಅನುಭವ. ನೀವು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ. ಮೊದಲೇ ತೆರೆದಿಟ್ಟಿದ್ದರೆ ಹಾಗೆಯೇ ಬಿಡಿ.

ದನಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ನಮ್ಮ ಕಾಸರಗೋಡು ಗಿಡ್ಡ ತಳಿಯ ದನವನ್ನು ಕಂಡು ಬೆಳೆದವರು ಅಲ್ಲಿಯ ಭಾರೀ ಗಾತ್ರದ ಹಸುಗಳ ಬಳಿಗೂ ಸಲುಗೆಯಿಂದ ಹೋಗಿಬಿಡುತ್ತಾರೆ. ಕರುವಿರುವ ಹಸುವಿನಿಂದ ದೂರವಿರಿ, ತಾಯಿ ಮತ್ತು ಕರುವಿನ ನಡುವೆ ಹಾದುಹೋಗಲೇಬೇಡಿ. ಬೆನ್ನಟ್ಟಿ ಬಂದರೂ ಓಡದೆ, ಶಾಂತವಾಗಿ ಬೇಲಿಯ ಕಡೆಗೆ ಸರಿಯಿರಿ. ಹುಲ್ಲಿನಲ್ಲಿರುವ ಉಣ್ಣಿಗಳಿಂದ ಲೈಮ್ ಎಂಬ ಕಾಯಿಲೆ ಹರಡಬಹುದಾದ್ದರಿಂದ ಉದ್ದ ಪ್ಯಾಂಟ್ ಧರಿಸಿ, ಸಂಜೆ ಕಾಲುಗಳನ್ನು ಪರೀಕ್ಷಿಸಿಕೊಳ್ಳಿ. ಮಳೆ ನಮ್ಮ ಆಷಾಢದಂತೆ ಸುರಿಯದಿದ್ದರೂ ಯಾವ ದಿನವೂ ಬರಬಹುದು. ಗಾಳಿಯಲ್ಲಿ ಕೊಡೆ ನಿಲ್ಲದು, ಮಳೆಯಂಗಿಯೇ ಬೇಕು.

ಊಟದ ಚಿಂತೆ ಬೇಡ. ಸಸ್ಯಾಹಾರವನ್ನು ಅಲ್ಲಿಯ ಊಟದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಗುರುತು ಹಾಕಿಯೇ ತೋರಿಸುತ್ತಾರೆ. ಆದರೆ ಹಳ್ಳಿಯ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚುವುದುಂಟು. ಸೋಮವಾರ ತೆರೆಯದಿರುವುದೂ ಉಂಟು. ಚೀಲದಲ್ಲಿ ಬ್ರೆಡ್ಡು, ಹಣ್ಣು, ಊರಿನಿಂದ ಒಯ್ದ ಕಡಲೆ ಚಿಕ್ಕಿ ಇರಲಿ. ಹಾಲು, ಬೆಣ್ಣೆಯಂಥ ಹೈನು ಪದಾರ್ಥಗಳನ್ನೂ ಹಸಿ ಕರಿಬೇವನ್ನೂ ಊರಿನಿಂದ ಒಯ್ಯಬೇಡಿ.

ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳ ಒಳಗೆ ಮಾತ್ರ ಅರ್ಜಿ ಹಾಕಬಹುದು, ಕೋಣೆಗಳನ್ನಾದರೋ ಅದಕ್ಕೂ ಮೊದಲೇ ಹಿಡಿದಿಡಬೇಕು. ಆದ್ದರಿಂದ ಶುಲ್ಕವಿಲ್ಲದೆ ರದ್ದುಮಾಡಬಹುದಾದ ಕೋಣೆಗಳನ್ನೇ ಆರಿಸಿ. ಬೆರಳಚ್ಚು ನೀಡಲು ಕೊಚ್ಚಿ ಅಥವಾ ಬೆಂಗಳೂರಿಗೆ ಹೋಗಬಹುದು. ನಿಮ್ಮ ಪಿಂಚಣಿಯ ದಾಖಲೆ, ಬ್ಯಾಂಕಿನ ವಿವರಗಳ ಜೊತೆಗೆ ದಿನವಾರು ನಡಿಗೆಯ ಪಟ್ಟಿಯನ್ನೂ ಲಗತ್ತಿಸಿ. ಪ್ರಯಾಣ ವಿಮೆ ಕಡ್ಡಾಯವಲ್ಲದಿದ್ದರೂ ತಪ್ಪದೆ ಮಾಡಿಸಿ, ಏಕೆಂದರೆ ಆಸ್ಪತ್ರೆಗೆ ದಾಖಲಾದರೆ ಸಂದರ್ಶಕರು ಹಣ ಕಟ್ಟಬೇಕಾಗುತ್ತದೆ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಮೋರ್ಟನ್-ಇನ್-ಮಾರ್ಷ್‌ಗೆ ನೇರ ರೈಲಿದೆ. ಅಲ್ಲಿಂದ ಚಿಪಿಂಗ್ ಕ್ಯಾಂಪ್ಡನ್‌ಗೆ ಬಸ್ಸು ಅಥವಾ ಟ್ಯಾಕ್ಸಿ. ಮರಳುವಾಗ ಪೇನ್ಸ್‌ವಿಕ್‌ನಿಂದ ಸ್ಟ್ರೌಡ್‌ಗೆ ಬಂದರೆ ಮತ್ತೆ ಪ್ಯಾಡಿಂಗ್ಟನ್‌ಗೆ ನೇರ ರೈಲು.

ಇನ್ನು ಅಭ್ಯಾಸ. ದಿನಾ ಐದಾರು ಕಿಲೋಮೀಟರು ನಡೆಯುವುದು ಒಳ್ಳೆಯ ಬುನಾದಿ, ಆದರೆ ಸಾಲದು. ಹೊಸ ಬೂಟನ್ನು ಈಗಲೇ ಕೊಂಡು, ಅದನ್ನೇ ತೊಟ್ಟು, ನಾಲ್ಕು ಕಿಲೋ ತೂಕದ ಚೀಲ ಹೊತ್ತು ನಡೆಯಿರಿ. ಬೇಸಿಗೆಯ ಸುಡುಬಿಸಿಲಿಗೆ ಮೊದಲೇ, ಮಕರ ಮಾಸದ ಬೆಳಗಿನ ಹೊತ್ತಿನಲ್ಲಿ, ಪೊಸಡಿ ಗುಂಪೆ ಗುಡ್ಡವನ್ನು ಹತ್ತಿ ಇಳಿಯಿರಿ. ಮರುದಿನ ವಿಶ್ರಾಂತಿ ತೆಗೆದುಕೊಳ್ಳದೆ ಹನ್ನೆರಡು ಕಿಲೋಮೀಟರು, ಅದರ ಮರುದಿನವೂ ಅಷ್ಟೇ. ಈ ಮೂರು ದಿನಗಳ ಪರೀಕ್ಷೆಯನ್ನು ಇಬ್ಬರೂ ಜೊತೆಯಾಗಿ ಮಾಡಿ. ಇಬ್ಬರಲ್ಲಿ ನಿಧಾನವಾಗಿ ನಡೆದವರ ವೇಗವನ್ನೇ ಬರೆದಿಟ್ಟುಕೊಂಡು, ಮೇಲೆ ಹೇಳಿದ ಆರು ದಿನಗಳ ಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡ ಮೇಲೆಯೇ ಕೋಣೆಗಳನ್ನು ಕಾದಿರಿಸಿ.