ಉಣುಗು ಕಚ್ಚಿದೆ, ಲೈಮ್ ಟೆಸ್ಟ್ ಮಾಡಿಸಬೇಕಾ?

ನೀವು ಕೇಳಿದ್ದು ಇಷ್ಟು. ಕಳೆದ ಶನಿವಾರ, ಭಾನುವಾರ ಗೆಳೆಯರ ಜೊತೆ ಕೊಡಚಾದ್ರಿ ಹತ್ತಿ ಬಂದಿರಿ. ಸೋಮವಾರ ಬೆಂಗಳೂರಲ್ಲಿ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ಒಂದು ಉಣುಗು ಕಚ್ಚಿಕೊಂಡಿದ್ದು ಕಂಡಿತು, ಕಿತ್ತು ಹಾಕಿದಿರಿ. ಇವತ್ತು ಶುಕ್ರವಾರ. ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪಾಗಿದೆ, ತುರಿಸುತ್ತಿದೆ, ಜ್ವರ ಇಲ್ಲ. ಅಮೆರಿಕದಲ್ಲಿರುವ ನಿಮ್ಮ ಅಕ್ಕ ‘ಲೈಮ್ ಕಾಯಿಲೆ ಇರಬಹುದು, ತಕ್ಷಣ ಟೆಸ್ಟ್ ಮಾಡಿಸು’ ಅಂದಿದ್ದಾರೆ. ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರಂತೆ. ಮಾಡಿಸಲಾ?

ಇವತ್ತು ಬೇಡ. ದುಡ್ಡು ಹೋಗುತ್ತದೆ, ಉತ್ತರ ಸಿಗುವುದಿಲ್ಲ. ಆದರೆ ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಆಗ ನೀವು ಬಾಯಿಬಿಟ್ಟು ಕೇಳಬೇಕಾದ ಟೆಸ್ಟ್ ಲೈಮ್ ಅಲ್ಲ, ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್. ನಮ್ಮ ಕಡೆ ಅದಕ್ಕೆ ಮಂಗನ ಕಾಯಿಲೆ ಅಂತಾರೆ.

ನಾನು ಡಾಕ್ಟರ್ ಅಲ್ಲ. ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿರುವವನು. ನಮ್ಮ ಮನೆಯಲ್ಲೇ ಒಬ್ಬರಿಗೆ ಈ ಕಾಯಿಲೆ ಬಂದು ಹೋಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಅಕ್ಕ ಹೇಳಿದ್ದು. ಅವರಿರುವ ಜಾಗಕ್ಕೆ ಅದು ಸರಿಯಾದ ಮಾತೇ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಲೈಮ್ ಅಂತ ಒಂದು ಊರಿದೆ. 1970ರ ದಶಕದಲ್ಲಿ ಆ ಸುತ್ತಮುತ್ತ ತುಂಬಾ ಮಕ್ಕಳಿಗೆ ಮೊಣಕಾಲು ಊದಿಕೊಂಡಿತು. ಹಾಗೆ ಗೊತ್ತಾದ ಕಾಯಿಲೆ ಅದು. ಇದು ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ, ವೈರಸ್ ಅಲ್ಲ. ಅಲ್ಲಿನ ಒಂದು ಜಾತಿ ಉಣುಗಿನ ಹೊಟ್ಟೆಯಲ್ಲಿ ಅದು ಇರುತ್ತದೆ. ಅಲ್ಲಿಂದ ಅದರ ಜೊಲ್ಲಿಗೆ ಬಂದು ನಮ್ಮ ಮೈ ಸೇರುವುದಕ್ಕೆ ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬೇಕು. ಅದಕ್ಕೇ ಅಲ್ಲಿನವರು ‘ಬೇಗ ಕಿತ್ತರೆ ಭಯ ಇಲ್ಲ’ ಅನ್ನುತ್ತಾರೆ. ಈ ಲೆಕ್ಕವನ್ನು ನಮ್ಮ ಮಂಗನ ಕಾಯಿಲೆಗೆ ಹಾಕಿಕೊಂಡು ಧೈರ್ಯವಾಗಿ ಕೂರಬೇಡಿ.

ಲೈಮ್‌ನ ಗುರುತು ಚರ್ಮದ ಮೇಲೆ ಕಾಣುವ ಮಚ್ಚೆ. ಕಚ್ಚಿದ 3ರಿಂದ 30 ದಿನದ ಒಳಗೆ ಬರುತ್ತದೆ. ಹೆಚ್ಚಿನವರಿಗೆ ಒಂದು ವಾರದ ಹೊತ್ತಿಗೆ. ದಿನದಿಂದ ದಿನಕ್ಕೆ ಅಗಲವಾಗುತ್ತಾ 5 ಸೆಂಟಿಮೀಟರ್ ದಾಟುತ್ತದೆ. ಕೆಲವರಿಗೆ ನಡುವೆ ತಿಳಿಯಾಗಿ ಬಳೆಯ ಹಾಗೆ ಕಾಣುತ್ತದೆ, ಎಲ್ಲರಿಗೂ ಹಾಗೆ ಕಾಣಲೇಬೇಕು ಅಂತಿಲ್ಲ. ನಮ್ಮಂಥ ಕಂದು ಚರ್ಮದ ಮೇಲೆ ಕೆಂಪಿಗಿಂತ ನೀಲಿಗಪ್ಪಾಗಿಯೂ ಕಾಣಬಹುದು. ಸಾಮಾನ್ಯವಾಗಿ ನೋವು, ತುರಿಕೆ ಜಾಸ್ತಿ ಇರುವುದಿಲ್ಲ. ನಿಮ್ಮದು ಕಚ್ಚಿದ ಕೂಡಲೇ ಕೆಂಪಾಗಿದೆ, ಚಿಕ್ಕದಾಗಿದೆ, ತುರಿಸುತ್ತಿದೆ. ಉಣುಗು ಕಚ್ಚಿದರೆ ನಮಗೆಲ್ಲ ಹೀಗೇ ಆಗುತ್ತದೆ, ವಾರಗಟ್ಟಲೆ ತುರಿಸುತ್ತದೆ. ಆದರೂ ಒಂದು ಕೆಲಸ ಮಾಡಿ. ಬಾಲ್‌ಪೆನ್ನಿನಿಂದ ಆ ಕೆಂಪಿನ ಅಂಚಿಗೆ ಸುತ್ತಲೂ ಗೆರೆ ಎಳೆಯಿರಿ. ಪಕ್ಕದಲ್ಲಿ ನಾಣ್ಯ ಇಟ್ಟು ಒಂದು ಫೋಟೋ ತೆಗೆಯಿರಿ. ಗೆರೆ ದಾಟಿ ಹರಡುತ್ತಾ ಹೋದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಲೈಮ್ ಟೆಸ್ಟ್ ಇವತ್ತು ಯಾಕೆ ಬೇಡ ಅಂದೆ ಅಂದರೆ, ಅದು ರೋಗಾಣುವನ್ನು ಹುಡುಕುವ ಟೆಸ್ಟ್ ಅಲ್ಲ. ಅದರ ವಿರುದ್ಧ ಹೋರಾಡಲು ನಮ್ಮ ರಕ್ತದಲ್ಲಿ ಹುಟ್ಟುವ ಆ್ಯಂಟಿಬಾಡಿಯನ್ನು ಹುಡುಕುತ್ತದೆ. ಅದು ಹುಟ್ಟುವುದಕ್ಕೇ ಕೆಲವು ವಾರ ಬೇಕು. ಕಾಯಿಲೆ ನಿಜವಾಗಿ ಇದ್ದರೂ ಐದನೇ ದಿನ ಮಾಡಿಸಿದರೆ ನೆಗೆಟಿವ್ ಬರುವ ಸಾಧ್ಯತೆಯೇ ಜಾಸ್ತಿ. ಪಾಸಿಟಿವ್ ಬಂದರೂ ಅಷ್ಟಕ್ಕೇ ನಂಬುವ ಹಾಗಿಲ್ಲ, ಬೇರೆ ಸೋಂಕಿಗೂ ಮೊದಲ ಟೆಸ್ಟ್ ಪಾಸಿಟಿವ್ ತೋರಿಸುವುದುಂಟು. ಅದಕ್ಕೇ ಮೊದಲು ಎಲೈಜಾ, ಅದು ಪಾಸಿಟಿವ್ ಅಥವಾ ಅನುಮಾನ ಅಂತ ಬಂದರೆ ವೆಸ್ಟರ್ನ್ ಬ್ಲಾಟ್ ಥರದ ಎರಡನೇ ಟೆಸ್ಟ್, ಹೀಗೆ ಎರಡು ಹಂತ. ಲೈಮ್ ಜಾಸ್ತಿ ಇರುವ ಊರುಗಳಲ್ಲಿ ಆ ಹರಡುವ ಮಚ್ಚೆ ಕಂಡರೆ ಡಾಕ್ಟರು ಟೆಸ್ಟಿಗೆ ಕಾಯುವುದೇ ಇಲ್ಲ, ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಶುರು ಮಾಡುತ್ತಾರೆ. ನಮ್ಮ ದೇಶದಲ್ಲಿ ಲೈಮ್ ಇಲ್ಲವೇ ಇಲ್ಲ ಅಂತ ಹೇಳಲಾರೆ. ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಕೆಲಸ ಮಾಡುವವರ ರಕ್ತದಲ್ಲಿ ಅದರ ಆ್ಯಂಟಿಬಾಡಿ ಸಿಕ್ಕಿದೆ. ಆದರೆ ಫೆಬ್ರುವರಿಯಲ್ಲಿ ಕೊಡಚಾದ್ರಿ ಇರುವ ಹೊಸನಗರದ ಕಾಡು ಸುತ್ತಿ ಬಂದವರು ಮೊದಲು ಯೋಚಿಸಬೇಕಾದ್ದು ಅದನ್ನಲ್ಲ.

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳಲ್ಲಿ ಜನರಿಗೆ ಜ್ವರ. ಪುಣೆಯಿಂದ ಬಂದ ವಿಜ್ಞಾನಿಗಳಿಗೆ ಮೊದಲು ಹಳದಿ ಜ್ವರವೇ ಬಂತಾ ಅನ್ನುವ ಅನುಮಾನ ಇತ್ತು. ನೋಡಿದರೆ ಹೊಸ ವೈರಸ್. ಆ ಕಾಡಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಈಗ ಅದು ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಗೂ ಹೋಗಿದೆ. ವಯನಾಡು, ಗೋವಾದಲ್ಲೂ ಕಂಡಿದೆ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾಗಿ 2019ರಲ್ಲಿ ಹಲವರನ್ನು ಕರೆದುಕೊಂಡು ಹೋಯಿತು. ಆ ಬೇಸಿಗೆಯನ್ನು ಈ ಕಡೆಯವರು ಯಾರೂ ಮರೆತಿಲ್ಲ.

ಹೆಸರು ಮಂಗನದ್ದಾದರೂ ತಂದು ಅಂಟಿಸುವುದು ಉಣುಗು. ಅದರಲ್ಲೂ ಎಳ್ಳಿನ ಕಾಳಿನಷ್ಟೇ ಇರುವ ಮರಿ ಉಣುಗು. ಮಳೆ ನಿಂತು ಎಲೆ ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತನಕ ಅವು ಜಾಸ್ತಿ. ಮುಸಿಯನೋ ಮಂಗನೋ ಸತ್ತು ಬಿದ್ದರೆ ಅದರ ಮೈಮೇಲಿದ್ದವೆಲ್ಲ ಕೆಳಗಿಳಿದು ಆ ಜಾಗದಲ್ಲಿ ಕಾದಿರುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆ ಭಯ ಬೇಡ.

ನಮ್ಮ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಜನವರಿಯ ಒಂದು ಬೆಳಗ್ಗೆ ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವುದಕ್ಕೆ ಸೊಪ್ಪಿನಬೆಟ್ಟಕ್ಕೆ ಹೋದರು. ಸಂಜೆ ಬಚ್ಚಲಲ್ಲಿ ಪಂಚೆ ಮಡಚಿ ನೋಡಿದರೆ ಸೊಂಟದ ಸುತ್ತ, ಪಂಚೆ ಕಟ್ಟಿದ ಕಡೆ, ಕಪ್ಪು ಚುಕ್ಕಿ ಚುಕ್ಕಿ. ಉಗುರಲ್ಲಿ ಮೀಟಿದರೆ ಚುಕ್ಕಿಗೆ ಕಾಲು! ಚಿಕ್ಕಮ್ಮ ಟಾರ್ಚ್ ಹಿಡಿದು ಹನ್ನೊಂದು ಕಿತ್ತರು. ನಮಗೆ ಅದು ಹೊಸದಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆರನೇ ದಿನ ಮಧ್ಯಾಹ್ನ ಊಟಕ್ಕೆ ಕೂತವರು ಎದ್ದು ಹೋಗಿ ಕಂಬಳಿ ಹೊದ್ದು ಮಲಗಿದರು. ಇದ್ದಕ್ಕಿದ್ದ ಹಾಗೆ ಚಳಿಜ್ವರ, ತಲೆ ಸಿಡಿಯುವಷ್ಟು ನೋವು. ಕಣ್ಣು ಕೆಂಪು. ಸೊಂಟ, ಮೀನಖಂಡ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ವೈರಲ್ ಜ್ವರ ಅಂತ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಅವರು ಕೇಳಲಿಲ್ಲ, ನಾವು ಬೆಟ್ಟದ ವಿಷಯ ಹೇಳಲಿಲ್ಲ. ಮೂರನೇ ದಿನ ವಸಡಿನಲ್ಲಿ ರಕ್ತ ಕಂಡಿತು. ಆಗ ನಮ್ಮೂರಿನ ಆಶಾ ಕಾರ್ಯಕರ್ತೆ ಬಂದು ಕೇಳಿದ್ದು ಒಂದೇ ಮಾತು: ‘ದರಕಿಗೆ ಹೋಗಿದ್ರಾ? ಯಾವತ್ತು?’ ಆ ಬೆಟ್ಟದ ಆಚೆ ವಾರದ ಹಿಂದೆ ಒಂದು ಮುಸಿಯ ಸತ್ತಿದ್ದು ಅವರಿಗೆ ಗೊತ್ತಿತ್ತು. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಶಿವಮೊಗ್ಗದ ವೈರಸ್ ಲ್ಯಾಬಿಗೆ ಕಳಿಸಿದರು. ಪಾಸಿಟಿವ್ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಮೊದಲಿನ ಹಾಗೆ ತೋಟಕ್ಕಿಳಿಯಲು ಎರಡು ತಿಂಗಳೇ ಬೇಕಾಯಿತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಬಂದಿದೆ. ಯಾರು ಬೆಟ್ಟಕ್ಕೆ ಹೋದರೂ ಚಿಕ್ಕಮ್ಮ ಅಡುಗೆಮನೆ ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿ ‘ಬೆಟ್ಟ’ ಅಂತ ಬರೆಯುತ್ತಾರೆ. ಹಾಲಿನ ಲೆಕ್ಕದ ಪಕ್ಕದಲ್ಲೇ. ನೀವೂ ಮೊಬೈಲಿನಲ್ಲಿ ಬರೆದಿಡಿ. ಯಾಕೆಂದರೆ ಯಾವ ಟೆಸ್ಟ್ ಮಾಡಬೇಕು ಅನ್ನುವುದು ನಿಂತಿರುವುದೇ ಎರಡು ವಿಷಯದ ಮೇಲೆ: ಎಲ್ಲಿ ಹೋಗಿದ್ದಿರಿ, ಇವತ್ತಿಗೆ ಎಷ್ಟನೇ ದಿನ.

ಮಂಗನ ಕಾಯಿಲೆ ಕಚ್ಚಿದ 3ರಿಂದ 8 ದಿನದ ಒಳಗೆ ಜ್ವರವಾಗಿ ಹೊರಬರುತ್ತದೆ. ಜ್ವರ ಬಂದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಇರುತ್ತದೆ, ಆಗ ಆರ್‌ಟಿ-ಪಿಸಿಆರ್‌ನಲ್ಲಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಕೇಳಿದ್ದೇವಲ್ಲ, ಅದೇ ಬಗೆಯ ಟೆಸ್ಟ್, ಇಲ್ಲಿ ರಕ್ತದಿಂದ. ಸುಮಾರು ಐದು ದಿನ ದಾಟಿದ ಮೇಲೆ ಆ್ಯಂಟಿಬಾಡಿ ಹುಡುಕುವ ಐಜಿಎಂ ಎಲೈಜಾ ಟೆಸ್ಟ್ ಕೂಡ ಕೆಲಸಕ್ಕೆ ಬರುತ್ತದೆ. ಜ್ವರವೇ ಇಲ್ಲದೆ ಸುಮ್ನೆ ಮಾಡಿಸಿದರೆ ಇದರಲ್ಲೂ ಪ್ರಯೋಜನ ಇಲ್ಲ. ಇದು ಮೂಲೆಯ ಲ್ಯಾಬಿನಲ್ಲಿ ಸಿಗುವಂಥದ್ದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ತೆಗೆದು ಕಳಿಸುತ್ತಾರೆ. ಬೆಂಗಳೂರಿನ ಡಾಕ್ಟರಿಗೆ ಈ ಕಾಯಿಲೆ ತಟ್ಟನೆ ಹೊಳೆಯದಿರಬಹುದು, ಅವರು ದಿನಾ ನೋಡುವುದು ಡೆಂಗಿ. ಪ್ಲೇಟ್‌ಲೆಟ್ ಎರಡರಲ್ಲೂ ಇಳಿಯುತ್ತದೆ. ಹಾಗಾಗಿ ಕೂತ ತಕ್ಷಣ ನೀವೇ ಹೇಳಿ: ‘ಇಂಥ ದಿನ ಶಿವಮೊಗ್ಗ ಜಿಲ್ಲೆಯ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು, ಕೆಎಫ್‌ಡಿ ಟೆಸ್ಟ್ ಕಳಿಸಬಹುದಾ?’ ದಾರಿ ತೋಚದಿದ್ದರೆ 104ಕ್ಕೆ ಫೋನ್ ಮಾಡಿ, ಅದು ಆರೋಗ್ಯ ಸಹಾಯವಾಣಿ.

ವೈರಸ್ಸನ್ನೇ ಕೊಲ್ಲುವ ಔಷಧಿ ಇದಕ್ಕಿಲ್ಲ. ಹಾಗಾದರೆ ಟೆಸ್ಟ್ ಯಾಕೆ ಅನ್ನಬಹುದು. ಗೊತ್ತಾದರೆ ಡ್ರಿಪ್ ಹಾಕಿ, ಬಿಪಿ, ಪ್ಲೇಟ್‌ಲೆಟ್, ರಕ್ತಸ್ರಾವ ಎಲ್ಲವನ್ನೂ ಕಾಯುತ್ತಾರೆ. ಜೀವ ಉಳಿಯುವುದೇ ಅದರಿಂದ. ನೂರಕ್ಕೆ 3ರಿಂದ 5 ಜನ ತೀರಿಕೊಳ್ಳುವ ಕಾಯಿಲೆ ಇದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡವೇ ಬೇಡ, ರಕ್ತ ಸೋರುವುದು ಜಾಸ್ತಿಯಾಗುತ್ತದೆ. ಇನ್ನೊಂದು ವಿಷಯ, ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ, ವಿಪರೀತ ತಲೆನೋವು, ಕೈ ನಡುಕ, ಮಾತು ತಡವರಿಸುವುದು ಕೆಲವರಿಗೆ ಆಗುತ್ತದೆ. ಆಗ ತಿರುಗಿ ಆಸ್ಪತ್ರೆಗೆ ಓಡಬೇಕು.

ಕಾಡಿನಿಂದ ಬಂದವರಿಗೆ ಬರುವ ಜ್ವರ ಇನ್ನೊಂದಿದೆ, ಸ್ಕ್ರಬ್ ಟೈಫಸ್. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವಂಥದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಜಾಸ್ತಿ. ಪಕ್ಕದ ಮನೆಯ ಅಕ್ಕನಿಗೆ ಗದ್ದೆ ಕಳೆ ಕಿತ್ತ ಮೇಲೆ ಜ್ವರ ಬಂತು. ಟೈಫಾಯ್ಡ್ ಅಂತ ಒಂಬತ್ತು ದಿನ ಮಾತ್ರೆ ನುಂಗಿದರು. ಕೊನೆಗೆ ಒಬ್ಬರು ನರ್ಸ್ ಅವರ ಕಂಕುಳಲ್ಲಿ ಬೀಡಿಯ ತುದಿ ತಾಗಿಸಿ ಸುಟ್ಟ ಹಾಗಿದ್ದ ಕಪ್ಪು ಹಕ್ಕಳೆ ಕಂಡುಹಿಡಿದರು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ಅವರಿಗೇ ಗೊತ್ತಿರಲಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟ ಎರಡೇ ದಿನಕ್ಕೆ ಜ್ವರ ಇಳಿಯಿತು. ಇದು ಹೊರಬರಲು ಮೂರು ವಾರದವರೆಗೂ ಆಗಬಹುದು. ಅದಕ್ಕೇ ಸ್ನಾನದ ಹೊತ್ತಿನಲ್ಲಿ ಕಂಕುಳು, ತೊಡೆಸಂದು, ಹೊಕ್ಕುಳ ಸುತ್ತ, ಕಿವಿಯ ಹಿಂದೆ ಒಮ್ಮೆ ನೋಡಿಕೊಳ್ಳಿ. ಇನ್ನೂ ಬಿಡದ ಉಣುಗು ಇದ್ದರೆ ಅದೂ ಸಿಗುತ್ತದೆ.

ಸಿಕ್ಕರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಇಂಬಳಕ್ಕೆ (ಜಿಗಣೆಗೆ) ಸುಣ್ಣ ಹಚ್ಚುವ ರೂಢಿ ನಮ್ಮಲ್ಲಿದೆ, ಉಣುಗಿಗೆ ಅದನ್ನು ಮಾಡಬಾರದು. ಬೆರಳಲ್ಲಿ ಹೊಸಕಲೂ ಬೇಡ. ಆಮೇಲೆ ಸೋಪು ಹಾಕಿ ತೊಳೆಯಿರಿ. ಟ್ರೆಕ್ಕಿಂಗ್‌ಗೆ ಹಾಕಿದ ಬಟ್ಟೆ ಇನ್ನೂ ಬ್ಯಾಗಿನಲ್ಲೇ ಇದ್ದರೆ ಇವತ್ತೇ ಬಿಸಿನೀರಿಗೆ ಹಾಕಿ.

ಮುಂದಿನ ಸಲ ಬರುವಾಗ ಉದ್ದ ಪ್ಯಾಂಟ್, ಅದನ್ನು ಕಾಲುಚೀಲದೊಳಗೆ ತುರುಕಿ. ಉಣುಗು ಹತ್ತಿರ ಬರದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ನಮ್ಮ ಕಡೆ ಆರೋಗ್ಯ ಇಲಾಖೆಯವರು ಮನೆಮನೆಗೆ ಕೊಡುತ್ತಾರೆ. ದರಕಿನ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಫೋಟೋಗೆ ಅಂತ ಹತ್ತಿರ ಹೋಗಬೇಡಿ, ಊರಿನವರಿಗೋ ಅರಣ್ಯ ಇಲಾಖೆಗೋ ಹೇಳಿ. ಲಸಿಕೆ ಕೇಳಬೇಡಿ, 1990ರಿಂದ ಕೊಡುತ್ತಿದ್ದ ಹಳೆಯದನ್ನು ಅಷ್ಟು ರಕ್ಷಣೆ ಕೊಡುವುದಿಲ್ಲ ಅಂತ ನಿಲ್ಲಿಸಿದ್ದಾರೆ.

ಈಗ ನಿಮ್ಮ ಲೆಕ್ಕ. ಕಚ್ಚಿದ್ದು ಸೋಮವಾರ ಅಂತಲೇ ಹಿಡಿದರೆ ಎಂಟು ದಿನ ತುಂಬುವುದು ಬರುವ ಮಂಗಳವಾರ. ಅಲ್ಲಿಯ ತನಕ ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ನೋಡಿ, ಅದರ ಮೇಲೆ ಇನ್ನೂ ಒಂದು ವಾರ ಹುಷಾರಾಗಿರಿ. ಮೂರು ವಾರದ ತನಕ ಯಾವ ಜ್ವರ ಬಂದರೂ ಡಾಕ್ಟರಿಗೆ ಕೊಡಚಾದ್ರಿಯ ಹೆಸರು ಹೇಳಿ. ಪೆನ್ನಿನ ಗೆರೆಯನ್ನು ಒಂದು ತಿಂಗಳು ನೋಡಿಕೊಂಡಿರಿ. ನಿಮ್ಮ ಜೊತೆ ಬಂದ ಗೆಳೆಯರಿಗೂ ಇವತ್ತೇ ಒಂದು ಮೆಸೇಜ್ ಹಾಕಿ, ಅವರೂ ಅದೇ ಹಾದಿಯಲ್ಲಿ ನಡೆದವರಲ್ವಾ.